ಹುಳಕ್ಕಿಟ್ಟ ಎಡೆ

ಹೋದ ತಿಂಗಳು ಹುಣಸೂರಿನ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸೋರಿತು. ರೆಗ್ಯುಲೇಟರಿನ ವಾಷರ್ ಹೋಗಿತ್ತು, ಅಷ್ಟೇ. ನಮ್ಮ ಮನೆಯವರು ಕಿಟಕಿ ಬಾಗಿಲು ತೆಗೆದು, ಸ್ವಿಚ್ ಮುಟ್ಟಬೇಡ ಎಂದು ಕೂಗಿ, ಸಿಲಿಂಡರನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ನಾನು ಮಾತ್ರ ಒಲೆಯ ಮುಂದೆ ಸುಮ್ಮನೆ ನಿಂತೇ ಇದ್ದೆ. "ಏನು, ನಿನಗೆ ಮೂಗು ಕಟ್ಟಿದೆಯಾ?" ಎಂದು ರೇಗಿದರು. ಮೂಗು ಕಟ್ಟಿರಲಿಲ್ಲ. ಆ ವಾಸನೆ ನನ್ನ ಪಾಲಿಗೆ ಅಡುಗೆಮನೆಯದಲ್ಲ. ಗ್ಯಾಸಿಗೆ ಬೆರೆಸುವ ಆ ಕೊಳೆತ ವಾಸನೆಯ ದಾಯಾದಿಯೊಂದಿದೆ, ಮರ್ಕ್ಯಾಪ್ಟೊಎಥನಾಲ್ ಅಂತ. ಎಲೆಯನ್ನು ಅರೆದು ಅದರೊಳಗಿನ ಡಿಎನ್‌ಎ ತೆಗೆಯುವಾಗ, ರಸ ಕಪ್ಪಾಗದಿರಲಿ ಎಂದು ಹಾಕುವ ದ್ರವ. ಅದರ ವಾಸನೆಯನ್ನು ಒಂದು ಇಡೀ ಮಳೆಗಾಲ ನಾನು ಕೂದಲಲ್ಲಿ, ಚೂಡಿದಾರದಲ್ಲಿ, ಊಟದ ಡಬ್ಬಿಯಲ್ಲಿ ಹೊತ್ತು ತಿರುಗಿದ್ದೆ. ಈಗಲೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ನೆನಪಲ್ಲ, ಸಿಟ್ಟು.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಗಾವಡಗೆರೆಯ ಮನೆಯಲ್ಲಿ ಅವ್ವನ ಜೊತೆ ಹೊಗೆಸೊಪ್ಪು ಪೋಣಿಸುತ್ತಾ ಕೂತಿದ್ದೆ. ಬಂದವರೆಲ್ಲ "ಇಷ್ಟು ಓದಿ ಸೊಪ್ಪು ಕಟ್ಟಕ್ಕಾ?" ಎಂದು ಕೇಳುವುದನ್ನು ತಪ್ಪದೆ ಮಾಡುತ್ತಿದ್ದರು. ಅಷ್ಟರಲ್ಲಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಬಿಟಿ ಹತ್ತಿ ಆಗ ನಮ್ಮ ಕಡೆಗೆ ಹೊಸದಾಗಿ ಬಂದಿತ್ತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗಿಡದೊಳಗೆ ಸೇರಿಸಿಬಿಟ್ಟರೆ, ಕಾಯಿಕೊರಕ ಹುಳಕ್ಕೆ ವಿಷವಾಗುವ ಪದಾರ್ಥವನ್ನು ಗಿಡವೇ ತನ್ನೊಳಗೆ ಮಾಡಿಕೊಳ್ಳುತ್ತದೆ. ಅಸಲಿ ಬಂದ ಕಡೆ ನಕಲಿಯೂ ಬರಬೇಕಲ್ಲ, ಬಿಟಿ ಎಂದು ಹೇಳಿ ಮಾಮೂಲಿ ಬೀಜ ಮಾರುವವರೂ ಹುಟ್ಟಿಕೊಂಡಿದ್ದರು. ಹೊಲದಿಂದ ತಂದ ಎಲೆಯಲ್ಲಿ ಆ ಜೀನ್ ಇದೆಯೋ ಇಲ್ಲವೋ ಎಂದು ಹೇಳುವ ವಿಧಾನವನ್ನು ಗಟ್ಟಿ ಮಾಡುವುದು, ಆ ಪ್ರಯೋಗಾಲಯ ನಡೆಸುತ್ತಿದ್ದ ನಮ್ಮ ಸರ್‌ಗೆ ಸಿಕ್ಕಿದ್ದ ಪ್ರಾಜೆಕ್ಟು. ಎಲೆ ತರುವವಳೂ ಅರೆಯುವವಳೂ ಬೈಸಿಕೊಳ್ಳುವವಳೂ ನಾನೇ.

ಹತ್ತಿ ಬೆಳೆಯುವುದು ಎಚ್.ಡಿ. ಕೋಟೆ, ಸರಗೂರು ಕಡೆ. ಅಂತರಸಂತೆಯ ಪಕ್ಕದ ಹಳ್ಳಿಯೊಂದರಲ್ಲಿ ನಮ್ಮ ಚಿಕ್ಕಮ್ಮ, ಎಂದರೆ ಅವ್ವನ ತಂಗಿ ದೇವೀರಮ್ಮನ ಮನೆಯಿತ್ತು. ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಮೈಸೂರಿನಲ್ಲಿ. "ಅದೇನವ್ವ ನೀನು ತೆಗೆಯೋದು?" ಎಂದು ಚಿಕ್ಕಮ್ಮ ಕೇಳಿದಾಗ ದೊಡ್ಡಸ್ತಿಕೆಯಿಂದ "ನ್ಯೂಕ್ಲಿಯಿಕ್ ಆಸಿಡ್" ಎಂದೆ. ಅವಳು ಹೌಹಾರಿದಳು. "ಆಸಿಡ್ಡಾ? ಮದ್ವೆ ಆಗೋ ಎಣ್ಣು ಕಣೇ ನೀನು, ಮಕದ ಮ್ಯಾಕೆ ಆರ್ಸ್ಕಂಡೀಯೆ!" ಅದು ಸುಡುವ ಆಸಿಡ್ ಅಲ್ಲ, ನಿನ್ನೊಳಗೂ ಇದೆ, ಈ ಎಮ್ಮೆಯೊಳಗೂ ಇದೆ ಎಂದು ವಿವರಿಸಿದೆ. ತನ್ನನ್ನೂ ಎಮ್ಮೆಯನ್ನೂ ಒಂದೇ ಉಸಿರಲ್ಲಿ ಹೇಳಿದ್ದು ಅವಳಿಗೆ ಹಿಡಿಸಲಿಲ್ಲ.

ಎಲೆ ಕಿತ್ತ ಕೂಡಲೇ ಐಸಿನಲ್ಲಿಡಬೇಕು. ಕೋಟೆಯ ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ತಂದು, ಥರ್ಮಾಕೋಲ್ ಡಬ್ಬಿಯಲ್ಲಿ ತುಂಬಿಕೊಂಡು, ಕೇರಳ ಗಡಿಯ ಬಾವಲಿ ಕಡೆಯಿಂದ ಮಲಯಾಳಿ ಮಾತು ತುಂಬಿಕೊಂಡು ಬರುವ ಬಸ್ಸು ಹತ್ತುತ್ತಿದ್ದೆ. ಆ ದಾರಿಯಲ್ಲಿ ಥರ್ಮಾಕೋಲ್ ಡಬ್ಬಿ ಎಂದರೆ ಕಬಿನಿಯ ಮೀನು. ಕಂಡಕ್ಟರ್ ನನ್ನನ್ನು ಕಂಡ ಕೂಡಲೇ "ಮೀನು ಇಂದ್ಗಡೆ, ಮೀನು ಇಂದ್ಗಡೆ" ಎನ್ನುತ್ತಿದ್ದ. ಮೀನಲ್ಲಪ್ಪ, ಹತ್ತಿ ಎಲೆ ಎಂದು ಮುಚ್ಚಳ ತೆಗೆದು ತೋರಿಸಿದರೆ ಇನ್ನೂ ಅನುಮಾನದಿಂದ ನೋಡುತ್ತಿದ್ದ. ಕಾಡಂಚಿನ ರಸ್ತೆಯಲ್ಲಿ ಐಸಿನಲ್ಲಿ ಸೊಪ್ಪು ಸಾಗಿಸುವವರ ಬಗ್ಗೆ ಯಾರಿಗಾದರೂ ಅನುಮಾನ ಬರುವುದೇ.

ಬೀಜದ ಶಿವಣ್ಣನ ಪರಿಚಯವಾದದ್ದು ಮುಂಗಾರಿಗೆ ಮೊದಲಿನ ಬಿತ್ತನೆ ಹೊತ್ತಿನಲ್ಲಿ. ಸರಗೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರದ ಸಣ್ಣ ಅಂಗಡಿ. ಐವತ್ತರ ಆಸುಪಾಸಿನ ಮನುಷ್ಯ, ಮಾತು ಜಾಸ್ತಿ, ಸುಳ್ಳು ಕಮ್ಮಿ. ಚಿಕ್ಕಪ್ಪ ಮಾದೇಗೌಡರ ಊರಿನವರೆಲ್ಲ ಅವನ ಹತ್ತಿರವೇ ಬೀಜ ತರುವುದು. ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. ಬಿಟಿ ಹತ್ತಿಯ ಡಬ್ಬಿಯೊಳಗೆ ದೊಡ್ಡ ಪೊಟ್ಟಣದ ಜೊತೆ ಒಂದು ಸಣ್ಣ ಪೊಟ್ಟಣವೂ ಇರುತ್ತಿತ್ತು. ಅದರಲ್ಲಿರುವುದು ಜೀನ್ ಇಲ್ಲದ ಮಾಮೂಲಿ ಹತ್ತಿ ಬೀಜ. ಹೊಲದ ಸುತ್ತ ಅಂಚಿನ ಸಾಲುಗಳಲ್ಲಿ ಅದನ್ನು ಹಾಕಬೇಕು ಎಂಬುದು ನಿಯಮ. ಡಬ್ಬಿಯೊಳಗಿನ ಚೀಟಿಯಲ್ಲಿ ಅದು ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಬೇರೆ ಅಂಗಡಿಯವರು ಸಣ್ಣ ಪೊಟ್ಟಣದ ಮಾತೇ ಎತ್ತುತ್ತಿರಲಿಲ್ಲ. ಜನ ಅದನ್ನು ತಿಪ್ಪೆಗೆ ಎಸೆಯುತ್ತಿದ್ದರು. ಶಿವಣ್ಣ ಮೈಸೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದಿದ್ದ. ಹೋದವರೆಲ್ಲ ಊಟ ಮಾಡಿ ಬಂದರೆ ಇವನು ಕೇಳಿಸಿಕೊಂಡು ಬಂದಿದ್ದ.

"ಗೌಡ್ರೇ, ಈ ಸಣ್ಣದ್ನ ಎಸೀಬ್ಯಾಡಿ. ಅಂಚ್ಗೆ ಆಕಿ" ಎಂದ.

"ಯಾಕ್ಲಾ ಶಿವಣ್ಣ? ಉಳ ತಿನ್ನೋ ಬೀಜ ನಾನ್ಯಾಕ್ ಬಿತ್ಲಿ?"

"ಒಲ ಎಲ್ಲಾ ಇಸದ ಗಿಡನೇ ಆದ್ರೆ, ಸಾಯ್ದೆ ಉಳ್ಕಳೋ ಗಟ್ಟಿ ಉಳ ಅಲ್ಲೊಂದು ಇಲ್ಲೊಂದು ಇರ್ತವಲ್ಲ, ಅವವೇ ಕೂಡ್ಕತವೆ. ಅವ್ರ ಮಕ್ಳೂ ಗಟ್ಟಿ. ಅಂಚಲ್ಲಿ ಒಂದಷ್ಟು ಬಡಪಾಯಿ ಉಳ ತಿನ್ಕಂಡು ಬದುಕಿದ್ರೆ, ಈ ಗಟ್ಟಿದು ಓಗಿ ಆ ಬಡಪಾಯಿನ ಕಟ್ಕತದೆ. ಮಕ್ಳು ಬಡಪಾಯಿನೇ ಆಯ್ತವೆ, ಇಸಕ್ಕೆ ಸಾಯ್ತವೆ. ತಿಳೀತಾ?"

ಚಿಕ್ಕಪ್ಪನಿಗೆ ತಿಳಿಯಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಶಿವಣ್ಣ ತಲೆ ಕೆರೆದುಕೊಂಡು ಇನ್ನೊಂದು ದಾರಿ ಹಿಡಿದ. "ನೋಡಿ, ಮಾರ್ಲಾಮಿಲಿ ಪಿತೃಗಳ್ಗೆ ಎಡೆ ಇಡಲ್ವಾ? ಎಡೆ ಇಟ್ರೆ ಅವ್ರು ಮನೇರ ತಂಟೆಗೆ ಬರಲ್ಲ. ಅಂಗೇಯ, ಇದು ಉಳಕ್ಕೆ ಇಡೋ ಎಡೆ. ಅಂಚಿನ್ ಸಾಲು ಉಳದ್ದು, ಒಳಗಿಂದೆಲ್ಲ ನಿಮ್ದು."

"ಅಂಗ್ ಯೋಳು ಮತ್ತೆ!" ಎಂದ ಚಿಕ್ಕಪ್ಪ. ಮಹಾಲಯ ಅಮಾವಾಸ್ಯೆಯ ಎಡೆ ಗೊತ್ತಿಲ್ಲದವರು ಯಾರು? ಆ ಮಾತು ಊರಿಗೆಲ್ಲ ಹಬ್ಬಿ, ಶಿವಣ್ಣನ ಹತ್ತಿರ ಬೀಜ ತಂದವರೆಲ್ಲ ಸಣ್ಣ ಪೊಟ್ಟಣವನ್ನು ಅಂಚಿಗೆ ಹಾಕಿದರು. ನನ್ನ ಪಠ್ಯಪುಸ್ತಕ ಒಂದು ಅಧ್ಯಾಯದಲ್ಲಿ ಹೇಳಿದ್ದನ್ನು ಈತ ಎರಡಕ್ಷರದಲ್ಲಿ ಹೇಳಿದನಲ್ಲ ಎಂದು ನನಗೆ ಭಾರಿ ಖುಷಿಯಾಗಿತ್ತು.

ಖುಷಿ ಅಲ್ಲಿಗೆ ಮುಗಿಯಿತು. ಮಳೆ ಹಿಡಿಯಿತು, ಹತ್ತಿ ಮೊಣಕಾಲೆತ್ತರಕ್ಕೆ ಬಂತು, ನನ್ನ ಡಿಎನ್‌ಎ ಮಾತ್ರ ಬರಲಿಲ್ಲ. ಹತ್ತಿ ಎಲೆಯಂಥ ಹಟಮಾರಿ ಎಲೆ ಇನ್ನೊಂದಿಲ್ಲ. ಅರೆದ ಕೂಡಲೇ ಹೆಚ್ಚಿಟ್ಟ ಬದನೆಕಾಯಿಯಂತೆ ಕಂದಾಗುತ್ತದೆ. ಆ ಕಂದು ಒಗರು ಹೋಗಿ ಡಿಎನ್‌ಎಗೆ ಅಂಟಿಕೊಂಡರೆ ಮುಗಿಯಿತು, ಮುಂದಿನ ಯಾವ ಪರೀಕ್ಷೆಯೂ ನಡೆಯದು. ಕ್ಲೋರೋಫಾರ್ಮ್ ಹಾಕಿ, ಗಿರಗಿರನೆ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದು, ತಣ್ಣಗಿನ ಆಲ್ಕೋಹಾಲ್ ಬೆರೆಸಿದರೆ ಬಿಳಿ ನೂಲಿನಂಥದ್ದು ತೇಲಿ ಬರಬೇಕು. ನನಗೆ ಬರುತ್ತಿದ್ದದ್ದು ಕಾಫಿ ಸೋಸಿದ ಚರಟ. ವಾರಗಟ್ಟಲೆ ಚರಟ. ಐಸ್ ಕೋಟೆಯಿಂದ ಹಂಪಾಪುರ ದಾಟುವಷ್ಟರಲ್ಲಿ ನೀರಾಗುತ್ತಿತ್ತು. ಮೈಸೂರು ಮುಟ್ಟಿದರೆ ಕರೆಂಟ್ ಇರುತ್ತಿರಲಿಲ್ಲ. ಕರೆಂಟ್ ಇದ್ದರೆ ಸರ್ ಇರುತ್ತಿದ್ದರು.

ನಮ್ಮ ಸರ್ ಜೋರಾಗಿ ಬೈಯುವವರಲ್ಲ. ಟ್ಯೂಬನ್ನು ಬೆಳಕಿಗೆ ಹಿಡಿದು, "ಚೆನ್ನಾಗಿ ಬಂದಿದೆ. ಸ್ವಲ್ಪ ಹಾಲು ಸಕ್ಕರೆ ಹಾಕಿ ಕೊಡಿ" ಎನ್ನುವವರು. ಹಾಗೆ ಅನ್ನಿಸಿಕೊಂಡ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದೇನೆ. ವಾಸನೆಗೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲವಾದ್ದರಿಂದ ಅಳುವುದಕ್ಕೆ ಅನುಕೂಲವಿತ್ತು. ಕೊನೆಗೆ ಪೂರ್ತಿ ಬಿಚ್ಚದ ಎಳೆಯ ಎಲೆಯನ್ನು ಮಾತ್ರ ಕಿತ್ತು, ಒಗರನ್ನು ಹೀರುವ ಒಂದು ಪುಡಿಯನ್ನು ಧಾರಾಳವಾಗಿ ಸೇರಿಸಿ, ಮರ್ಕ್ಯಾಪ್ಟೊಎಥನಾಲನ್ನು ಹೇಳಿದ್ದಕ್ಕಿಂತ ಜಾಸ್ತಿ ಸುರಿದು ನೋಡಿದೆ. ಬಿಳಿ ನೂಲು ಎದ್ದು ಬಂತು. ತೋರಿಸೋಣ ಎಂದರೆ ಲ್ಯಾಬಿನಲ್ಲಿದ್ದವರೆಲ್ಲ ವಾಸನೆ ತಾಳದೆ ಕ್ಯಾಂಟೀನಿಗೆ ಹೋಗಿದ್ದರು.

ಆಮೇಲಿನದು ಸಲೀಸು. ಆ ನೂಲಿನೊಳಗೆ ಬೇಕಾದ ಜೀನ್ ಇದೆಯೇ ಎಂದು ಹುಡುಕುವ ವಿಧಾನಕ್ಕೆ ಪಿಸಿಆರ್ ಎನ್ನುತ್ತಾರೆ. ಹಾಲಿಗೆ ಹೆಪ್ಪು ಬಿದ್ದ ಹಾಗೆ ಅದು. ಆ ಜೀನ್ ಒಂದು ತೊಟ್ಟಿದ್ದರೂ ಸಾಕು, ಯಂತ್ರದಲ್ಲಿ ಬಿಸಿ ಮಾಡಿ ತಣಿಸಿ, ಬಿಸಿ ಮಾಡಿ ತಣಿಸಿ, ಅದು ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ. ಇಲ್ಲದಿದ್ದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಬೆಳೆದದ್ದನ್ನು ಜೆಲ್ ಎಂಬ ಪಾರದರ್ಶಕ ಹಲ್ವದೊಳಗೆ ಕರೆಂಟಿನಲ್ಲಿ ಓಡಿಸಿದರೆ ಒಂದು ಗೆರೆ ಹೊಳೆಯುತ್ತದೆ. ಗೆರೆ ಬಂದರೆ ಜೀನ್ ಇದೆ, ಬಾರದಿದ್ದರೆ ಇಲ್ಲ. ಪರೀಕ್ಷೆ ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಎಲ್ಲ ಹತ್ತಿಯಲ್ಲೂ ಇರುವ ಇನ್ನೊಂದು ಜೀನಿನ ಗೆರೆಯನ್ನೂ ಪಕ್ಕದಲ್ಲಿ ಬರಿಸುತ್ತಿದ್ದೆವು.

ಹೂವು ಉದುರಿ ಕಾಯಿ ಕಟ್ಟುವ ಹೊತ್ತಿಗೆ ಹುಳ ಬಿತ್ತು. ನಾನು ಆಗ ಮೈಸೂರಿನಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಚಿಕ್ಕಪ್ಪನ ಊರಿನಿಂದ ನಾಲ್ಕಾರು ಜನ ಹೊರಟು ಕೃಷಿ ಕಚೇರಿಗೆ ಹೋಗಿ, ಅಲ್ಲಿಂದ ನಮ್ಮ ಸರ್ ಹತ್ತಿರಕ್ಕೇ ಬಂದುಬಿಟ್ಟರು. ಮುಂದಾಳು ಆ ಊರಿನ ಯಜಮಾನ ನಂಜಪ್ಪನವರು. ಬಾಳೆಎಲೆಯಲ್ಲಿ ಸುತ್ತಿದ ಹತ್ತಿ ಎಲೆಗಳ ಕಟ್ಟುಗಳನ್ನು ಸರ್ ಮೇಜಿನ ಮೇಲಿಟ್ಟರು. "ಬಿಟಿ ಅಂತ ಕೊಟ್ಟವ್ನೆ ಆ ಸರಗೂರು ಶಿವಣ್ಣ. ಉಳ ಬಿದ್ದು ಕಾಯೆಲ್ಲ ತೂತು. ಅಸ್ಲೀನಾ ನಕ್ಲೀನಾ ಯೋಳ್ಬುಡಿ ಸ್ವಾಮಿ" ಎಂದರು.

ಮಾಡಿದೆ. ಹತ್ತಿಯ ಸಾಕ್ಷಿ ಗೆರೆ ಎಲ್ಲದರಲ್ಲೂ ಚೊಕ್ಕವಾಗಿ ಬಂತು. ಬಿಟಿ ಗೆರೆ ಒಂದರಲ್ಲೂ ಇಲ್ಲ. ಎಡೆಯ ಮಾತಾಡಿದ ಆ ಮನುಷ್ಯ ಮೋಸ ಮಾಡುವವನೇ? "ಸರ್, ಒಂದರಲ್ಲೂ ಇಲ್ಲ ಅಂದರೆ ವಿಚಿತ್ರವಾಗಿದೆ. ಇವನ್ನು ಹೊಲದಲ್ಲಿ ಎಲ್ಲಿಂದ ಕಿತ್ತರು ಅಂತ ಕೇಳೋಣ" ಎಂದೆ.

"ಎಲ್ಲಿಂದ ಕೀಳ್ತಾರೆ? ಗಿಡದಿಂದ ಕೀಳ್ತಾರೆ" ಎಂದರು ಸರ್. ಪ್ರಾಜೆಕ್ಟಿನ ಮೊದಲ ಫಲ ಕೈಗೆ ಬಂದ ಉಮೇದಿನಲ್ಲಿದ್ದರು. ನಂಜಪ್ಪನವರಿಗೆ ಫೋನಿನಲ್ಲಿ ಹೇಳಿಯೇಬಿಟ್ಟರು. ಸುದ್ದಿ ಪತ್ರಿಕೆಗೂ ಹೋಯಿತು. ಜಿಲ್ಲೆಯ ಪುಟದಲ್ಲಿ ನಕಲಿ ಬಿಟಿ ಬೀಜ, ಪ್ರಯೋಗಾಲಯದಲ್ಲಿ ಬಯಲು ಎಂದು ಬಂತು. ಶಿವಣ್ಣನ ಹೆಸರಿರಲಿಲ್ಲ, ಸರಗೂರಿನ ಹೆಸರಿತ್ತು. ಅಷ್ಟು ಸಾಕಾಯಿತು.

ಮಾರನೆಯ ದಿನವೇ ಊರಿಗೆ ಹೋದೆ. ಚಿಕ್ಕಪ್ಪ ಕಾಲಿಗೆ ನೀರು ಕೊಡುವ ಮೊದಲೇ "ನೋಡ್ದಾ ನಿಮ್ ಶಿವಣ್ಣನ?" ಎಂದ. ನಾನು ಬ್ಯಾಗೂ ಇಳಿಸದೆ ಹೊಲ ತೋರಿಸು ಎಂದೆ. ಬದುವಿನ ಮೇಲೆ ನಿಂತು ಚಿಕ್ಕಪ್ಪ ಕೈ ಚಾಚಿದ. ಅಂಚಿನ ಸಾಲುಗಳು ನೋಡಲಾಗದ ಹಾಗಿದ್ದವು. ಮೊಗ್ಗು ಉದುರಿತ್ತು, ಕಾಯಿಯ ಬುಡಬುಡಕ್ಕೂ ತೂತು, ತೂತಿನ ಬಾಯಲ್ಲಿ ಹಿಕ್ಕೆ.

"ನಂಜಪ್ಪನವರಿಗೆ ಎಲೆ ಎಲ್ಲಿಂದ ಕಿತ್ತುಕೊಟ್ರಿ?"

"ಇಲ್ಲಿಂದ್ಲೇ."

"ಒಳಗಿಂದ ಕೀಳಲಿಲ್ವಾ?"

ಚಿಕ್ಕಪ್ಪ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ಒಳ್ಗಡೆ ಉಳನೇ ಇಲ್ವಲ್ಲವ್ವ, ಅಲ್ಲಿಂದ ಯಾಕ್ ಕೀಳ್ಲಿ? ಡಾಕ್ಟ್ರತ್ರ ಓದ್ರೆ ನೋವಿರೋ ಜಾಗ ತೋರುಸ್ತೀವಾ, ನೋವಿಲ್ದಿರೋ ಜಾಗ ತೋರುಸ್ತೀವಾ? ಎಲ್ರೂ ಉಳ ತಿಂದಿರೋ ಗಿಡದ್ದೇ ಕೊಟ್ಟಿರೋದು."

ಚಪ್ಪಲಿ ಬಿಟ್ಟು ಕೆಸರಿಗಿಳಿದು ಹೊಲದ ನಡುವಿಗೆ ಹೋದೆ. ಕಾಯಿಗಳು ಗುಂಡುಗುಂಡಾಗಿ, ಒಂದು ಕಲೆಯಿಲ್ಲದೆ ನಿಂತಿದ್ದವು. ಎಲ್ಲ ಸರಿಯಾಗಿತ್ತು. ಬೀಜ ಅಸಲಿ. ಹುಳ ಎಲ್ಲಿ ತಿನ್ನಬೇಕಿತ್ತೋ ಅಲ್ಲೇ ತಿಂದಿತ್ತು. ಸಣ್ಣ ಪೊಟ್ಟಣವನ್ನು ತಿಪ್ಪೆಗೆ ಎಸೆದ ಊರುಗಳಲ್ಲಿ ತಿನ್ನಲು ಅಂಚೇ ಇರಲಿಲ್ಲ, ಹಾಗಾಗಿ ಅಲ್ಲಿನ ಬೀಜದಂಗಡಿಗಳವರೆಲ್ಲ ಪ್ರಾಮಾಣಿಕರು. ನಿಯಮವನ್ನು ಪಾಲಿಸಿದ ಒಬ್ಬನೇ ಒಬ್ಬ ಅಂಗಡಿಯವನು ಕಳ್ಳ. ಆ ಕೆಸರಿನಲ್ಲಿ ನಿಂತು ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಒಳಗಿನ ಸಾಲಿನಿಂದಲೂ ಅಂಚಿನಿಂದಲೂ ಬೇರೆಬೇರೆ ಎಲೆ ಕಿತ್ತೆ. ಊರಿನ ಇನ್ನೂ ಕೆಲವರ ಹೊಲದಲ್ಲಿ ಹಾಗೆಯೇ ಕಿತ್ತೆ. ಐಸಿಲ್ಲದಿದ್ದರೆ ಹಾಳಾಗಿ ಹೋಗಲಿ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಆ ಸಲ ಕರೆಂಟ್ ಹೋಗಲಿಲ್ಲ, ಎಲೆ ಕಪ್ಪಾಗಲಿಲ್ಲ. ಒಳಗಿನ ಎಲೆಗಳಿಗೆಲ್ಲ ಬಿಟಿ ಗೆರೆ ಬಂತು. ಅಂಚಿನವಕ್ಕೆ ಬರಲಿಲ್ಲ. ಅಷ್ಟು ಚೆಂದದ ಜೆಲ್ಲನ್ನು ನಾನು ಮತ್ತೆಂದೂ ಓಡಿಸಿಲ್ಲ. ಸರ್ ಅದನ್ನು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಕಂಟ್ಯಾಮಿನೇಷನ್. ಎಲ್ಲೋ ಒಂದು ಹನಿ ಸಿಡಿದಿದೆ" ಎಂದರು.

"ಸಿಡಿದಿದ್ದರೆ ಅಂಚಿನ ಎಲೆಗೂ ಸಿಡಿಯಬೇಕಿತ್ತಲ್ಲ ಸರ್? ಒಂದೇ ದಿನ, ಒಂದೇ ಕೈ."

"ವಾದ ಮಾಡಬೇಡಿ. ಪೇಪರಿನಲ್ಲಿ ಬಂದಾಗಿದೆ. ನಾಳೆ ಹೋಗಿ ಇಲ್ಲ ಇಲ್ಲ ಅದು ಅಸಲಿ ಅಂದರೆ ನಮ್ಮ ಟೆಸ್ಟನ್ನು ಯಾರು ನಂಬುತ್ತಾರೆ?"

"ಟೆಸ್ಟ್ ಎರಡು ಸಲವೂ ಸರಿಯಾಗಿಯೇ ಹೇಳಿದೆ ಸರ್. ಮೊದಲ ಸಲ ನಾವು ಕೇಳಿದ್ದು ತಪ್ಪು ಎಲೆಯನ್ನು."

ಅವರು ಮಾತು ಮುಗಿಯಿತೆಂಬಂತೆ ಫೋನ್ ಎತ್ತಿಕೊಂಡರು. ಪಿಎಚ್‌ಡಿ ಮಾಡಿದವರ ಜೊತೆ ವಾದ ಮಾಡುವುದೂ ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ ಎಂದು ಮನಸ್ಸಿನಲ್ಲೇ ಬೈದುಕೊಂಡು, ಜೆಲ್ಲಿನ ಫೋಟೋ ತೆಗೆದುಕೊಂಡು ಹೊರಬಿದ್ದೆ. ಕೇಳಲಿಲ್ಲ, ಹೇಳಲಿಲ್ಲ.

ಶಿವಣ್ಣನ ಅಂಗಡಿಗೆ ಮೊದಲು ಹೋದೆ. ಹಿಂಗಾರಿನ ಬೀಜ ಕೊಳ್ಳುವ ಕಾಲ, ಎದುರುಬದಿಯ ಅಂಗಡಿಯಲ್ಲಿ ಜನ ತುಂಬಿದ್ದರು, ಇವನಲ್ಲಿ ನೊಣ ಇತ್ತು. ಅವನ ಹೆಂಡತಿ ಬಸ್‌ಸ್ಟ್ಯಾಂಡಿನ ನಲ್ಲಿಗೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಮಗಳನ್ನು ನೋಡಿಕೊಂಡು ಹೋಗಿದ್ದ ಕಡೆಯವರು ಆಮೇಲೆ ತಿಳಿಸುತ್ತೇವೆ ಎಂದು ಹೇಳಿ ಕಳಿಸಿದ್ದರಂತೆ. ಇಪ್ಪತ್ತು ವರ್ಷದಿಂದ ಆ ತಾಲ್ಲೂಕಿಗೆ ಬೀಜ ಕೊಟ್ಟವನಿಗೆ ಇದ್ದ ಆಸ್ತಿ ಎಂದರೆ ಶಿವಣ್ಣ ಮೋಸ ಮಾಡಲ್ಲ ಎಂಬ ಆ ಒಂದು ಮಾತು. ಅದನ್ನು ನಮ್ಮ ಲ್ಯಾಬಿನ ಒಂದು ಫೋನ್ ಕರೆ ತೆಗೆದುಕೊಂಡಿತ್ತು. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದ. "ನಂದು ಅಸಲಿ ಅಂತ ಇದ್ರಲ್ಲಿ ಅದಾ?" ಎಂದ. "ಇದೆ ಶಿವಣ್ಣ" ಎಂದೆ. ಅಂಗಡಿ ಬಾಗಿಲೆಳೆದು, ಟವಲ್ ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಹೊರಟ.

ಸಂಜೆ ಹಾಲಿನ ಡೇರಿಯ ಮುಂದೆ ಊರಿನವರೆಲ್ಲ ಸೇರುತ್ತಾರೆ. ಹಾಲು ಹಾಕಿದವರು ಖಾಲಿ ಕ್ಯಾನ್ ಹಿಡಿದು ಅಲ್ಲೇ ನಿಂತರು. ನಂಜಪ್ಪನವರು ಜಗಲಿಯ ಮೇಲೆ ಕೂತರು. ಶಿವಣ್ಣ ಕೆಳಗೆ, ಬೇವಿನ ಮರಕ್ಕೆ ಒರಗಿ ನಿಂತ. ಯಾರೂ ಅವನನ್ನು ಕೂತ್ಕೋ ಎನ್ನಲಿಲ್ಲ. ನಾನು ಫೋಟೋ ಎತ್ತಿ ಹಿಡಿದೆ. ಕಪ್ಪು ಹಾಳೆಯ ಮೇಲೆ ಬಿಳಿ ಗೆರೆ. "ಯಾರ್ದವ್ವ ಎಕ್ಸ್‌ರೇ ಇದು?" ಎಂದು ಒಬ್ಬರು ಕೇಳಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವವರು ಕೇಳುತ್ತಾರೆ ಎಂದು ಆಗ ನಂಬಿದ್ದೆ.

ಹೇಳಿದೆ. ನನಗೆ ತಿಳಿದ ಮಟ್ಟಿಗೆ ತುಂಬ ಚೆನ್ನಾಗಿ ಹೇಳಿದೆ. ಇದು ಹೊಲದ ಒಳಗಿನ ಎಲೆ, ಗೆರೆ ಇದೆ, ಬಿಟಿ ಇದೆ. ಇದು ಅಂಚಿನ ಎಲೆ, ಗೆರೆ ಇಲ್ಲ, ಬಿಟಿ ಇಲ್ಲ. ನೀವು ಕೊಟ್ಟದ್ದು ಬರೀ ಅಂಚಿನದು. ಅದಕ್ಕೆ ನಮ್ಮ ಲ್ಯಾಬು ಇಲ್ಲ ಎಂದಿತು.

ನಂಜಪ್ಪನವರು ಹಾಳೆಯನ್ನು ಹತ್ತಿರ ತರಿಸಿಕೊಂಡು, ಗೆರೆ ಇದ್ದದ್ದು ಇಲ್ಲದ್ದು ಎರಡರ ಮೇಲೂ ಬೆರಳಾಡಿಸಿದರು. ಅವರು ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ನಿಧಾನವಾಗಿ ಕೇಳಿದರು.

"ಅಂದ್ರೆ, ಒಳಕ್ಕೆ ಅಸ್ಲಿ ಕೊಟ್ಟವ್ನೆ."

"ಹೌದು ಯಜಮಾನ್ರೇ."

"ಅಂಚ್ಗೆ ನಕ್ಲಿ ಕೊಟ್ಟವ್ನೆ."

"ನಕಲಿ ಅಲ್ಲ. ಅದು ಬೇಕು ಅಂತಲೇ..."

"ನಿನ್ ಮಿಸನ್ನು ಏನಂತು? ಅಂಚಲ್ಲಿ ಬಿಟಿ ಅದೆ ಅಂತಾ, ಇಲ್ಲ ಅಂತಾ?"

"ಇಲ್ಲ ಅಂತ. ಆದರೆ..."

"ನಾವೂ ಅದೇ ಯೋಳಿದ್ದು ಕಣವ್ವ" ಎಂದು ಹಾಳೆ ಹಿಂದಕ್ಕೆ ಕೊಟ್ಟರು. ಗುಂಪು ಗಲಿಬಿಲಿಯಾಯಿತು. ಒಳ್ಳೇದರ ಜೊತೆ ಕೆಟ್ಟದ್ದು ಬೆರೆಸಿ ಮಾರಿದವ್ನೆ, ಹಾಲಿಗೆ ನೀರು ಹಾಕೋದಕ್ಕಿಂತ ಇದೇನು ಕಮ್ಮಿ ಎಂದು ಯಾರೋ ಕೂಗಿದರು. ಶಿವಣ್ಣ ಮರ ಬಿಟ್ಟು ಮುಂದೆ ಬಂದ. "ನಾನು ಕದ್ದು ಕೊಟ್ನಾ ಯಜಮಾನ್ರೇ? ಮಕಕ್ಕೆ ಮಕ ಕೊಟ್ಟು ಯೋಳಿದ್ನಲ್ಲ, ಇದು ಉಳಕ್ಕೆ ಇಡೋ ಎಡೆ ಅಂತ?"

ಅದನ್ನು ಅವನು ಹೇಳಬಾರದಿತ್ತು. ಮಹಾಲಯ ಅಮಾವಾಸ್ಯೆಗೆ ಇನ್ನೊಂದೇ ವಾರವಿತ್ತು. ಎಲ್ಲರ ಮನೆಯಲ್ಲೂ ಅದೇ ಮಾತು.

"ಎಡೆ ಯಾಕ್ಲಾ ಇಡ್ತಾರೆ?" ಎಂದರು ನಂಜಪ್ಪನವರು, ಈ ಸಲ ಗಟ್ಟಿಯಾಗಿ. "ಬರ್ಲಿ ಅಂತ ಇಡ್ತಾರೆ. ಎಡೆ ಇಟ್ಟು ಕರುದ್ರೆ ಸತ್ತೋರೇ ಬತ್ತಾರೆ, ಇನ್ ಬದುಕಿರೋ ಉಳ ಬರಲ್ವಾ? ಪಕ್ಕದ್ ಊರವ್ರು ಎಡೆ ಇಡ್ಲಿಲ್ಲ, ಅವರ್ಗೆ ಉಳನೂ ಬರ್ಲಿಲ್ಲ. ಕರ್ಸಿದ್ದು ನೀನು."

ಹುಳ ಈ ವರ್ಷ ಅಂಚು ತಿಂದದ್ದರಿಂದ ಎಷ್ಟೋ ವರ್ಷದ ಮೇಲೆ ಒಳಗಿನದು ಉಳಿಯುತ್ತದೆ ಎಂದು ಕೂಗಿ ಹೇಳಿದೆ. ಎಷ್ಟೋ ವರ್ಷದ ಮೇಲಿನದನ್ನು ಯಾವ ಫೋಟೋದಲ್ಲಿ ತೋರಿಸಲಿ? ಚಿಕ್ಕಪ್ಪ ನನ್ನ ತೋಳು ಹಿಡಿದು, "ಬಾರವ್ವ ಮನೆಗೆ, ಎಣ್ಣೆಂಗ್ಸು ಇಂಗೆಲ್ಲ ಕೂಗ್ಬಾರ್ದು" ಎಂದ. ಕೈ ಕಿತ್ತುಕೊಂಡು ನೋಡಿದರೆ ಶಿವಣ್ಣ ಆಗಲೇ ರಸ್ತೆಗೆ ಹೋಗಿದ್ದ. ಬಸ್ಸಿಗೆ ಕಾಯದೆ ನಡೆದೇ ಹೋಗುತ್ತಿದ್ದ. ಅಸಲಿ ಎಂದು ರುಜುವಾತು ಮಾಡಿಕೊಡುತ್ತೇನೆ ಎಂದು ನಾನೇ ಕರೆತಂದಿದ್ದ ಮನುಷ್ಯ.

ಸರ್‌ಗೆ ಸುದ್ದಿ ಮುಟ್ಟಿತು. ಲ್ಯಾಬಿನ ಹೆಸರಿನಲ್ಲಿ ಊರೂರಲ್ಲಿ ಭಾಷಣ ಮಾಡುವವರು ತಮಗೆ ಬೇಡ ಎಂದರು. ಬೇಡ ಅನ್ನಿಸಿಕೊಂಡು ಕೆಲಸ ಮಾಡುವ ತಾಳ್ಮೆ ನನಗೂ ಇರಲಿಲ್ಲ. ಬಿಟ್ಟೆ. ಪಿರಿಯಾಪಟ್ಟಣದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ. ಅಲ್ಲಿ ಡಿಎನ್‌ಎಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಸಾಕಿತ್ತು, ಐಸ್ ಬೇಕಿರಲಿಲ್ಲ.

ಮುಂದಿನ ವರ್ಷ ಬಿತ್ತನೆಯ ಕಾಲಕ್ಕೆ ಚಿಕ್ಕಮ್ಮನ ಊರಿಗೆ ಹೋಗುವಾಗ ಮನಸ್ಸು ತಡೆಯದೆ ಸರಗೂರಿನಲ್ಲಿ ಇಳಿದೆ. ಶಿವಣ್ಣನ ಅಂಗಡಿಯಲ್ಲಿ ಜನ ಇದ್ದರು. ನನಗೆ ನೆಮ್ಮದಿಯಾಯಿತು. ಒಳಗೆ ಬಾ ಎಂದು ಕರೆದು, ಸ್ಟೂಲು ಹಾಕಿ, ಟೀ ತರಿಸಿದ. ತಾನು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಹತ್ತಿ ಬೀಜದ ಡಬ್ಬಿಗಳ ಬಾಯಿ ಬಿಚ್ಚಿ, ಸಣ್ಣ ಪೊಟ್ಟಣ ತೆಗೆದು ಕಾಲಬುಡದ ಗೋಣಿಚೀಲಕ್ಕೆ ಹಾಕಿ, ಮತ್ತೆ ಅಂಟಿಸಿ, ಮೇಲಿಡುತ್ತಿದ್ದ. ಚೀಲ ಅರ್ಧ ತುಂಬಿತ್ತು.

"ಶಿವಣ್ಣ, ಇದೇನಿದು?"

"ಬೇರೆ ಅಂಗ್ಡಿಲಿ ತಂದೋರು ಮನೇಲಿ ಎಸೀತಾರೆ. ನಾನು ಎಸ್ಯೋ ತ್ರಾಸೂ ಕೊಡಲ್ಲ" ಎಂದ. ಮುಖ ಎತ್ತಲಿಲ್ಲ. "ಮಗಳ ಮದ್ವೆ ಆಯ್ತು ಕಣವ್ವ, ಗೊತ್ತಾಯ್ತಾ? ಅದೇ ಕಡೇರು. ಇಚಾರಿಸ್ಕಂಡು ತಿರ್ಗಾ ಬಂದ್ರು."

ನನ್ನ ಬಾಯಿಗೆ ಎಷ್ಟು ಮಾತು ಬಂದಿತ್ತೆಂದರೆ ಟೀ ಕುಡಿದು ಅಷ್ಟನ್ನೂ ಒಳಗೆ ತಳ್ಳಬೇಕಾಯಿತು.

ಕಾಯಿ ಕಟ್ಟುವ ಹೊತ್ತಿಗೆ ಇನ್ನೊಮ್ಮೆ ಹೋದಾಗ ಚಿಕ್ಕಪ್ಪ ಒತ್ತಾಯ ಮಾಡಿ ಹೊಲಕ್ಕೆ ಕರೆದುಕೊಂಡು ಹೋದ. ನಂಜಪ್ಪನವರೂ ಪಕ್ಕದ ಬದುವಿನಿಂದ ಇಳಿದು ಬಂದರು. ಅಂಚಿನಿಂದ ಅಂಚಿನವರೆಗೆ ಹೊಲ ಹಸಿರಾಗಿ ನಿಂತಿತ್ತು. ಹುಳ ತಿನ್ನಲು ಒಂದು ಗಿಡವೂ ಇರಲಿಲ್ಲ. "ನೋಡು" ಎಂದ ಚಿಕ್ಕಪ್ಪ ಹೆಮ್ಮೆಯಿಂದ, "ಬುದ್ಧಿ ಬಂದದೆ ಶಿವಣ್ಣಂಗೆ. ಈ ಸಲ ಎಲ್ಲಾ ಅಸ್ಲಿನೇ ಕೊಟ್ಟವ್ನೆ."

ನಂಜಪ್ಪನವರು ಅಂಚಿನ ಗಿಡದಿಂದ ಒಂದು ಎಳೆಯ ಎಲೆ ಚಿವುಟಿ ನನ್ನ ಕೈಗಿಟ್ಟರು. ಹೋದ ವರ್ಷದ ಮುನಿಸು ಅವರ ಮುಖದಲ್ಲಿ ಲವಲೇಶವೂ ಇರಲಿಲ್ಲ.

"ಓದಿರೋಳು ನೀನು, ನೀನೇ ಯೋಳ್ಬುಡವ್ವ. ಅವುನ್ ಮ್ಯಾಲೆ ನಮ್ಗೇನು ದ್ವೇಸಾನಾ? ಈಗ ಸರ್ಯಾಗದೆ ತಾನೆ?"

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದೇ ಒಂದು ಸತ್ಯದ ಮಾತು ಆಡಿದ್ದರೆ ಸಂಜೆಯೊಳಗೆ ಡೇರಿಯ ಮುಂದೆ ಮುಟ್ಟಿ, ಮಾರನೆಯ ದಿನ ಸರಗೂರು ಸೇರಿ, ಶಿವಣ್ಣನ ಅಂಗಡಿಯನ್ನು ಮತ್ತೆ ನೊಣದ ಪಾಲು ಮಾಡುತ್ತಿತ್ತು.

"ಸರಿಯಾಗಿದೆ ಯಜಮಾನ್ರೇ" ಎಂದೆ.